ಲಾಜರ ಮಾಮಾನ ಕೆಂಪು ಪೆನ್ಸಿಲ್

ನಾವು ಸಣ್ಣವರಿದ್ದ ಆ ಕಾಲದಲ್ಲಿ ದೇವರು ನಮ್ಮೂರಿಗೆ ತಿಂಗಳಿಗೊಮ್ಮೆ ಮೋಟರ್‌ಸೈಕಲ್ ಮೇಲೆ ಬರುತ್ತಿದ್ದ. ಫಾದರ್ರು ಧೂಳೆಬ್ಬಿಸಿಕೊಂಡು ಬಂದು, ಪೂಜೆ ಮಾಡಿ, ನಮ್ಮ ಮನೆಯ ಚಹಾ ಕುಡಿದು, ಹೊಳೆಸಾಲಿನ ಮುಂದಿನ ಊರಿಗೆ ಹೊರಟುಬಿಡುತ್ತಿದ್ದರು. ಉಳಿದ ದಿನಗಳಲ್ಲಿ ದೇವರನ್ನು ನೋಡಿಕೊಳ್ಳುವ ಜವಾಬ್ದಾರಿ ನಮ್ಮ ಆಯಿಯದು.

ಆಯಿ ಅಂದರೆ ನನ್ನ ಅಪ್ಪನ ತಾಯಿ, ಅನ್ನವ್ವ. ಹೊಳೆಯಾಚೆಯ ಮರಾಠಿಯಲ್ಲಿ ಆಯಿ ಅಂದರೆ ತಾಯಿ, ಈಚೆ ನಮ್ಮ ಕನ್ನಡದಲ್ಲಿ ಅಜ್ಜಿ. ಜುಗೂಳದ ಮಗ್ಗುಲಿಗೆ ಕೃಷ್ಣೆಯ ದಂಡೆಯ ಮೇಲೆ ಹುಟ್ಟಿದವರಿಗೆ ಒಂದೇ ಮಾತಿಗೆ ಎರಡು ಅರ್ಥವಿರುವುದು ನೆಗಡಿಯಷ್ಟು ಸಹಜ. ಸುತ್ತ ಜೈನರ ಮತ್ತು ಲಿಂಗಾಯತರ ಕಬ್ಬಿನ ಹೊಲ, ನಡುವೆ ನಮ್ಮ ಕಥೋಲಿಕರ ಹನ್ನೆರಡು ಮನೆ, ಆ ಮನೆಗಳ ಕೊನೆಗೆ ತಗಡು ಹೊದಿಸಿದ ಒಂದು ಕೋಣೆ. ಅದಕ್ಕೆ ನಾವು ಗುಡಿ ಅನ್ನುತ್ತಿದ್ದೆವು. ಆಯಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಆದರೂ ಸಂಜೆಯ ಗಂಟೆ, ಜಪಮಾಲೆ, ಹಡೆಯಲೊಲ್ಲದ ಎಮ್ಮೆಗೆ ತೀರ್ಥ ಚಿಮುಕಿಸುವುದು, ಎಲ್ಲವೂ ಆಕೆಯ ಖಾತೆಯಲ್ಲಿದ್ದವು.

ಶುಭ ಶುಕ್ರವಾರ ಫಾದರ್ರು ದೊಡ್ಡ ಊರಿನ ದೊಡ್ಡ ಗುಡಿಯಲ್ಲಿ ಇರಬೇಕಾಗುತ್ತಿತ್ತು. ನಮ್ಮ ಗುಡಿಯಲ್ಲಿ ಆವತ್ತು ಆಯಿ 'ಮರಿಯವ್ವನ ಅಳಲು' ಹಾಡುತ್ತಿದ್ದಳು. ಅದನ್ನು ಆಕೆಗೆ ಕಲಿಸಿದವಳು ಆಕೆಯ ಅತ್ತೆ, ಅತ್ತೆಗೆ ಅತ್ತೆಯ ಅತ್ತೆ. ಹಾಡಿನಲ್ಲಿ ಯೇಸುಸ್ವಾಮಿ ಶಿಲುಬೆ ಹೊತ್ತು ಮೂರು ಸಲ ಬೀಳುತ್ತಿದ್ದ. ಪ್ರತಿಸಲ ಬಿದ್ದಾಗಲೂ ನಾವೆಲ್ಲ ಧಪ್ಪನೆ ಮೊಣಕಾಲೂರಬೇಕು. ಆಯಿ ತಾಯಿಯಾಗಿ 'ಏಳ ನನ ಕಂದ, ಏಳ' ಅಂತ ಎಳೆದು ಹಾಡಿದ ಮೇಲೇ ಏಳಬೇಕು. ಆಕೆಯ ಎರಡು ಮಕ್ಕಳು ಸಣ್ಣವಿದ್ದಾಗಲೇ ತೀರಿಕೊಂಡಿದ್ದವು. ಅವುಗಳ ಹೆಸರನ್ನೂ ಆಕೆ ಎತ್ತುತ್ತಿರಲಿಲ್ಲ. ಆ ಒಂದು ಸಾಲಿನಲ್ಲಿ ಮಾತ್ರ ಆಕೆಯ ಕಣ್ಣಿಂದ ನೀರು ಹರಿಯುತ್ತಿತ್ತು. ವರ್ಷದ ಉಳಿದ ದಿನ ಆಕೆ ಅತ್ತದ್ದನ್ನು ನಾನು ಕಂಡಿಲ್ಲ. ಉಳ್ಳಾಗಡ್ಡಿ ಹೆಚ್ಚುವಾಗಲೂ ಇಲ್ಲ.

ನಾನು ಆರನೇ ಇಯತ್ತೆಯಲ್ಲಿದ್ದ ವರ್ಷದ ಮಾತು. ಶುಭ ಶುಕ್ರವಾರಕ್ಕೆ ಮುಂಚಿನ ತಪಸ್ಸಿನ ನಲವತ್ತು ದಿನ ಸುರುವಾಗಿತ್ತು. ಈ ದಿನಗಳಲ್ಲಿ ಮಕ್ಕಳು ಏನಾದರೊಂದು ರುಚಿ ಬಿಡಬೇಕೆಂದು ಕಟ್ಟಳೆ. ನಾನು ಮೂರ್ಖಳು, ಬೆಲ್ಲ ಬಿಟ್ಟಿದ್ದೆ. ಆಚೆ ಗಾಣದ ಮನೆಯಲ್ಲಿ ಕಬ್ಬಿನ ಹಾಲು ಕುದಿದು ಬೆಲ್ಲವಾಗುವ ವಾಸನೆ ಹಗಲೂ ರಾತ್ರಿ ಮನೆಯೊಳಗೇ ಬಂದು ಕೂರುತ್ತಿತ್ತು. ಐದು ಹರಳಿನ ಆಣಿಕಲ್ಲು ಆಡುವಾಗ ಗೆಳತಿಯರು ಬಿಸಿ ಬೆಲ್ಲ ಹಚ್ಚಿದ ಬೆರಳು ನೆಕ್ಕುತ್ತ ನನ್ನ ಮೋಕ್ಷವನ್ನು ಪರೀಕ್ಷಿಸುತ್ತಿದ್ದರು.

ತಪಸ್ಸಿನ ಮೊದಲ ದಿನವಾದ ಬೂದಿ ಬುಧವಾರದ ಮರುದಿನ ಒಂದು ಚಕ್ಕಡಿ ಅಂಗಳಕ್ಕೆ ಬಂತು. ಅದರಲ್ಲಿ ಹುಲ್ಲಿನ ಮೇಲೆ ಅಂಗಾತ ಮಲಗಿ, ದಪ್ಪನೆಯ ಪುಸ್ತಕವೊಂದನ್ನು ಎದೆಗವಚಿಕೊಂಡು ಲಾಜರ ಮಾಮಾ ಆಗಮಿಸಿದರು. ಪಕ್ಕದಲ್ಲಿ ಅವರ ಹೆಂಡತಿ, ಆಯಿಯ ಒಬ್ಬಳೇ ಮಗಳು, ನನ್ನ ರೋಸವ್ವ ಆತ್ಯಾ, ಅಳುಮೋರೆ ಮಾಡಿಕೊಂಡು ಕೂತಿದ್ದಳು.

ಮಾಮಾ ಕಚೇರಿಯೊಂದರಲ್ಲಿ ಉತಾರ ನಕಲು ಮಾಡುತ್ತಿದ್ದರು. ಯಾವ ಹೊಲ ಯಾರದೆಂದು ಹೇಳುವ ಸರ್ಕಾರಿ ಕಾಗದವೇ ಉತಾರ. ದಿನವಿಡೀ ಅದನ್ನು ಬರೆದೂ ಬರೆದೂ, ಭೂಮಿಯನ್ನು ದೇವರು ಸೃಷ್ಟಿಸಿದ್ದು ತಮ್ಮ ಕಚೇರಿ ತೆರೆದ ಮೇಲೆ ಎಂಬ ನಂಬಿಕೆ ಅವರಲ್ಲಿ ಗಟ್ಟಿಯಾಗಿತ್ತು. ಇದರ ಮೇಲೆ, ಯಾರೋ ಮಿತ್ರರ ಮನೆಯ ಪ್ರಾರ್ಥನಾ ಕೂಟಕ್ಕೆ ನಾಲ್ಕು ಸಲ ಹೋಗಿ ಬಂದಿದ್ದರು. ಶ್ರೀಗ್ರಂಥ ಅಂದರೆ ಬೈಬಲ್ಲಿನಲ್ಲಿ ಬರೆದದ್ದಷ್ಟೇ ಧರ್ಮ, ಉಳಿದದ್ದೆಲ್ಲ ಮುದುಕಿಯರ ಹರಟೆ ಅನ್ನುವವರ ಕೂಟವದು. ಜ್ಞಾನೋದಯದ ಭಾರಕ್ಕೋ ಏನೋ, ಐದನೇ ಸಲ ಹೋಗುವಾಗ ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡರು.

ಮುರಿದ ಕಾಲನ್ನು ನಮ್ಮೂರಿಗೇ ತಂದದ್ದು ಯಾಕೆಂದರೆ ನಮ್ಮೂರಲ್ಲಿ ಎಲುಬು ಕೂಡಿಸುವ ಬಾಳಪ್ಪಜ್ಜ ಇದ್ದ. ಅವನಿಗೂ ಅಕ್ಷರ ಬರುತ್ತಿರಲಿಲ್ಲ. ಅಪ್ಪನಿಂದ ಕೈಗೆ ಬಂದ ವಿದ್ಯೆ. ಕಣ್ಣು ಮುಚ್ಚಿ ಕಾಲು ಸವರಿದ, ಒಂದು ಸಲ ಎಳೆದ. ಮಾಮಾ ಗ್ರಂಥದಲ್ಲಿಲ್ಲದ ಎರಡು ಮಾತು ಆಡಿದರು. ಬಾಳಪ್ಪಜ್ಜ ತತ್ತಿಯ ಬಿಳಿ ಸವರಿ, ಬಿದಿರು ಪಟ್ಟಿ ಕಟ್ಟಿ, "ನಲವತ್ತ ದಿನ ಏಳಬ್ಯಾಡ್ರಿ" ಅಂದು ಹೋದ. ಹೀಗೆ ನಮಗೆ ನಲವತ್ತು ದಿನದ ತಪಸ್ಸಿನ ಜೊತೆಗೆ ನಲವತ್ತು ದಿನದ ಅಳಿಯನೂ ದಕ್ಕಿದ.

ತತ್ತಿಯಿಂದಲೇ ಧರ್ಮಯುದ್ಧ ಹತ್ತಿಕೊಂಡಿತು. ಬಿಳಿ ಕಾಲಿಗೆ ಹೋದರೆ ಹಳದಿ ಎಲ್ಲಿಗೆ? ಮಾಮಾನ ಹೊಟ್ಟೆಗೆ. ತಪಸ್ಸಿನಲ್ಲಿ ನಮ್ಮ ಹನ್ನೆರಡು ಮನೆಯಲ್ಲಿ ಮಾಂಸ ತತ್ತಿ ಎರಡೂ ನಿಷಿದ್ಧ. ಆಯಿ ಅಡುಗೆಮನೆಯ ಬಾಗಿಲ ಹಿಂದೆ ನಿಂತು ನನ್ನನ್ನು ಕರೆದಳು. ನಮ್ಮ ಕಡೆ ಅತ್ತೆಯಾದವಳು ಅಳಿಯನ ಎದುರು ಬರುವುದಿಲ್ಲ, ನೇರ ಮಾತಾಡುವುದಿಲ್ಲ. ಅವನೂ ಅಷ್ಟೇ. ನಡುವೆ ಒಬ್ಬರು ಬೇಕು. ಆ ನಲವತ್ತು ದಿನ ಆ ಒಬ್ಬರು ನಾನೇ. ಇಬ್ಬರಿಗೂ ಇನ್ನೊಬ್ಬರ ಮಾತು ಚೆನ್ನಾಗಿ ಕೇಳುತ್ತಿತ್ತು, ಆದರೂ ನಾನು ಹೇಳುವವರೆಗೆ ಕೇಳಿಸಲಿಲ್ಲ ಅಂತ ಲೆಕ್ಕ.

"ಹೇಳ ಬೇ, ನಿಮ್ಮ ಮಾಮಾಗ. ತಪಸ್ಸಿನ್ಯಾಗ ತತ್ತಿ ನಡಿಯಂಗಿಲ್ಲ ಅಂತ."

"ಮಾಮಾ, ತಪಸ್ಸಿನ್ಯಾಗ ತತ್ತಿ ನಡಿಯಂಗಿಲ್ಲಂತ್ರಿ."

ಮಾಮಾ ಹಳದಿ ನುಂಗಿ ಪುಸ್ತಕ ತಟ್ಟಿದರು. "ಕೇಳ ನಿಮ್ಮ ಆಯಿಗೆ. ಇದರಾಗ ಎಲ್ಲಿ ಬರದೈತಿ? ಬರದಿಟ್ಟ ನೋಂದ ತೋರಸ್ರಿ, ಬಿಡ್ತೀನಿ."

ಆಯಿ ಸುಮ್ಮನಾದಳು. ಅಳಿಯ, ಅದರಲ್ಲೂ ಕಾಲು ಮುರಿದವನು. ಮಾಮಾ ಆ ಮೌನವನ್ನು ಗೆಲುವೆಂದು ನಮೂದಿಸಿಕೊಂಡರು.

ಅಂದಿನಿಂದ ಮಾಮಾ ಮಲಗಿದ್ದ ಹೊರಸಿನ ಮೇಲೆ ಕಚೇರಿ ತೆರೆಯಿತು. ಗುಡಿಗೆ ಹೋಗುವ ಪ್ರತಿಯೊಂದು ಹೆಂಗಸೂ ಹಾಜರಿ ಹಾಕಬೇಕು. ಮರಿಯವ್ವನ ತಾಯಿಯ ಹೆಸರು ಅನ್ನವ್ವ ಅಂತ ಎಲ್ಲಿ ಬರದೈತಿ? ಸತ್ತವರಿಗೆ ಮೇಣಬತ್ತಿ ಹಚ್ಚೂದು ಎಲ್ಲಿ ಬರದೈತಿ? ಎಮ್ಮಿಗೆ ತೀರ್ಥ ಯಾವ ಅಧ್ಯಾಯ? ಹೆಂಗಸರು ಸೆರಗು ಬಾಯಿಗೆ ಹಿಡಿದು ಓಡುತ್ತಿದ್ದರು. ಎರಡು ತಿಂಗಳ ಹಿಂದೆ ಹಬ್ಬದ ಕರಿಗಡಬಿಗಾಗಿ ಇದೇ ಮನುಷ್ಯ ಎರಡು ಬಸ್ಸು ಬದಲಿಸಿ ಬಂದದ್ದನ್ನು ಯಾರೂ ನೆನಪಿಸಲಿಲ್ಲ. ಕರಿಗಡಬೂ ಗ್ರಂಥದಲ್ಲಿ ಇರಲಿಲ್ಲ.

ಕೊನೆಗೆ ಮಾಮಾನ ದೃಷ್ಟಿ 'ಅಳಲಿ'ನ ಮೇಲೆ ಬಿತ್ತು. ನನ್ನನ್ನು ಕರೆದು ಹೊಸ ಇನ್ನೂರು ಪುಟದ ನೋಟುಬುಕ್ಕು ಕೊಟ್ಟರು. "ನಿನ್ನ ಅಕ್ಷರ ಮುತ್ತಿನಂಗ ಅದಾವ. ಆಯಿ ಹಾಡೂದು ಅಷ್ಟೂ ಬರ್ಕೊಂಡ ಬಾ. ನಾ ಗ್ರಂಥಕ್ಕ ಹಚ್ಚಿ ನೋಡ್ತೀನಿ. ಬರೋಬರ್ ಇದ್ದದ್ದು ಇರ್ತೈತಿ, ಇಲ್ಲದ್ದು ಹೋಗ್ತೈತಿ."

ಮುತ್ತಿನಂಥ ಅಕ್ಷರ! ಈ ಜಗತ್ತಿನಲ್ಲಿ ಇಷ್ಟು ಅಗ್ಗಕ್ಕೆ ಕೊಂಡುಕೊಳ್ಳಬಹುದಾದ ಪ್ರಾಣಿ, ತನ್ನ ಅಕ್ಷರ ಚೆನ್ನಾಗಿದೆಯೆಂದು ತಿಳಿದ ಹನ್ನೊಂದು ವರ್ಷದ ಹುಡುಗಿಯ ಹೊರತು ಇನ್ನೊಂದಿಲ್ಲ. ಹದಿನೈದು ಸಂಜೆ ಆಯಿಯ ಮುಂದೆ ಕೂತೆ. ಆಕೆ ಜ್ವಾಳ ಹಸನ ಮಾಡುತ್ತ, ಕೇರುವ ಮರದ ಸದ್ದಿಗೆ ಸರಿಯಾಗಿ ಹಾಡುತ್ತಿದ್ದಳು.

ಹೊಳಿದಂಡಿಗೆ ನಿಂತ ಹಡೆದವ್ವ ಕೇಳ್ಯಾಳ
ಕೊಡ ಹೊತ್ತ ತಂಗೆವ್ವ, ನನ ಕಂದನ ಕಂಡ್ಯೇನ
ಮುಳ್ಳ ಮುಂಡಾಸ ಸುತ್ಯಾವನ

"ತಡಿ ಆಯಿ, ಲಗೂ ಹಾಡಬ್ಯಾಡ. 'ಮುಂಡಾಸ' ಆತು, ಮುಂದ?"

"ಹಂಗ ಅರ್ಧಕ್ಕ ನಿಂದರಾಕ ಬರಂಗಿಲ್ಲ ಬೇ. ಮತ್ತ ಹೊಳಿದಂಡಿಯಿಂದನ ಬರಬೇಕು."

"ನೀ ಹಾಡೂದ ಬ್ಯಾಡ, ಬರೇ ಮಾತು ಹೇಳ. ಲಗೂ ಆಕ್ಕೈತಿ."

ಆಯಿ ಬರೇ ಮಾತು ಹೇಳಲು ನೋಡಿದಳು. ಬರಲಿಲ್ಲ. ಹಾಡಿದರೆ ಮಾತು ಬರುತ್ತಿತ್ತು, ಬಿಟ್ಟರೆ ಮರೆತುಹೋಗುತ್ತಿತ್ತು. ನಾನು ನಾಲಿಗೆ ಚಾಚಿ, ತಲೆ ಬಗ್ಗಿಸಿ, ಒತ್ತಕ್ಷರ ತಿದ್ದಿ ಬರೆದೆ. ಹದಿನಾಲ್ಕು ಪುಟ ತುಂಬಿದ ದಿನ ಆಯಿ ನೋಟುಬುಕ್ಕನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಮೂಸಿ ನೋಡಿ ಕೇಳಿದಳು:

"ರಾಗಾನೂ ಬರ್ಕೊಂಡಿಯೇನ ಬೇ?"

ನಾನು ಬಿದ್ದು ಬಿದ್ದು ನಕ್ಕೆ. ಓಡಿಹೋಗಿ ಮಾಮಾಗೂ ಹೇಳಿದೆ. ಅವರೂ ನಕ್ಕರು. ಇಬ್ಬರು ಅಕ್ಷರಸ್ಥರು ಸೇರಿ ಬಹಳ ಹೊತ್ತು ನಕ್ಕೆವು.

ಮಾಮಾನ ಹತ್ತಿರ ಒಂದು ತುದಿ ಕೆಂಪು, ಒಂದು ತುದಿ ನೀಲಿ ಇರುವ ಕಚೇರಿ ಪೆನ್ಸಿಲ್ ಇತ್ತು. ಗ್ರಂಥದಲ್ಲಿ ಇದ್ದದ್ದಕ್ಕೆ ನೀಲಿ, ಇಲ್ಲದ್ದಕ್ಕೆ ಕೆಂಪು. ಮುಳ್ಳಿನ ಮುಂಡಾಸಕ್ಕೆ ಅರ್ಧ ನೀಲಿ ಸಿಕ್ಕಿತು. ಮುಳ್ಳು ನೀಲಿ, ಮುಂಡಾಸ ಕೆಂಪು. ಕೊಡ ಹೊತ್ತ ತಂಗೆವ್ವ ಕೆಂಪು. ಸೆರಗಿನಿಂದ ಸ್ವಾಮಿಯ ಮಾರಿ ಒರೆಸಿದ ಬೆರೋನವ್ವ ಪೂರಾ ಕೆಂಪು, ಆಕೆಯ ಇಳಕಲ್ಲ ಸೀರೆಗೆ ಎರಡು ಗೆರೆ. ಮೂರು ಸಲ ಬಿದ್ದದ್ದು, ಮೂರೂ ಕೆಂಪು. 'ಏಳ ನನ ಕಂದ' ಎಂಬಲ್ಲಿ ಮಾಮಾ ಪೆನ್ಸಿಲನ್ನು ಬ್ಲೇಡಿನಿಂದ ಹೊಸದಾಗಿ ಚೂಪು ಮಾಡಿಕೊಂಡರು. ಹದಿನಾಲ್ಕು ಪುಟದಲ್ಲಿ ಉಳಿದದ್ದು ಒಂದೂವರೆ.

ಆಯಿ ಆ ಪುಟಗಳನ್ನು ನೋಡಿ, "ಛಲೋ ಕುಂಕುಮ ಹಚ್ಚ್ಯಾನಲ್ಲ" ಅಂದಳು. ಕುಂಕುಮವಲ್ಲ, ಹೊಡೆದುಹಾಕಿದ್ದು ಅಂತ ನಾನೇ ತಿಳಿಸಿ ಹೇಳಿದೆ. ಆಕೆ ಒಲೆಯ ಕಡೆ ತಿರುಗಿ, ಯಾರಿಗೂ ಅಲ್ಲ, ಬೆಕ್ಕಿಗೆ ಹೇಳಿದಳು: "ಅಷ್ಟ ದೊಡ್ಡ ತೊಲಿ ಹೊತ್ತಾವ ಬೀಳದ ಇರ್ತಾನೇನ? ಇಂವ ಸೈಕಲ್ ಮ್ಯಾಲಿಂದ ಬಿದ್ದದ್ದು ಎಲ್ಲಿ ಬರದೈತಿ?"

ಇದನ್ನು ಮಾಮಾಗೆ ತಲುಪಿಸಲು ಎದ್ದೆ. ಆತ್ಯಾ ನನ್ನ ಜಡೆ ಹಿಡಿದು ಕೂಡಿಸಿದಳು. ಆಮೇಲೆ ಆಯಿಗೆ ಮೆಲ್ಲಗೆ ಅಂದಳು, "ಅವ್ವಾ, ಈ ವರ್ಷ ಹಾಡಬ್ಯಾಡ, ಬಿಡ. ನಾಳಿ ನಾ ಅವರ ಮನ್ಯಾಗ ಬಾಳೇವು ಮಾಡಬೇಕು. ದಿನಾ ಇದ ಮಾತು ಕೇಳಬೇಕು."

ಆಯಿ ಮಗಳ ಮುಖ ನೋಡಿದಳು. "ಆತ ತಗೋ" ಅಂದಳು. ಅಷ್ಟೇ. ರೊಟ್ಟಿ ಬಡಿಯುವ ಸದ್ದು ಮಾತ್ರ ಆವತ್ತು ಸ್ವಲ್ಪ ಜೋರಾಗಿತ್ತು.

ಶುಭ ಶುಕ್ರವಾರದ ಮುಂಚಿನ ಗರಿಗಳ ಭಾನುವಾರ ಫಾದರ್ರು ಬಂದಾಗ ಮಹಾಸಭೆ ನೆರೆಯಿತು. ಹೊರಸಿನ ಮೇಲೆ ಮಾಮಾ, ಕುರ್ಚಿಯ ಮೇಲೆ ಫಾದರ್ರು, ಬಾಗಿಲ ಹಿಂದೆ ಆಯಿ, ನಡುವೆ ನಾನು. ಮಾಮಾ ಕೆಂಪು ನೀಲಿ ಪುಟಗಳನ್ನು ಸಲ್ಲಿಸಿ, ಶುಕ್ರವಾರ ಗ್ರಂಥದ ಪಾಠವೊಂದೇ ಆಗಬೇಕೆಂದು ವಾದಿಸಿದರು. ಆಮೇಲೆ ನನ್ನತ್ತ ತಿರುಗಿದರು.

"ಕೇಳ, ನಿಮ್ಮ ಆಯಿ ಇದರ ಅಭ್ಯಾಸ ಮಾಡ್ಯಾರೇನು?"

ಹೊಳೆಯಾಚೆಯ ಮರಾಠಿಯಲ್ಲಿ ಅಭ್ಯಾಸ ಅಂದರೆ ಓದುವುದು, ನಮ್ಮ ಸಾಲಿಯಲ್ಲೂ ಅದೇ. ಆಯಿ ಸಾಲಿ ಕಂಡವಳಲ್ಲ. ಆಕೆಗೆ ಅಭ್ಯಾಸ ಅಂದರೆ ರೂಢಿ.

"ಐತಿ ಅಂತ ಹೇಳ ಬೇ. ಮದಿವ್ಯಾಗಿ ಬಂದಾಗಿಂದ ಅಭ್ಯಾಸ ಐತಿ."

ಮಾಮಾ ಬೆಚ್ಚಿದರು. "ಯಾವ ಪುಸ್ತಕದಾಗ?"

"ಪುಸ್ತಕದಾಗ ಯಾಕ? ಮೊಣಕಾಲಾಗ ಐತಿ."

ಫಾದರ್ರಿಗೆ ಚಹಾ ನೆತ್ತಿಗೇರಿತು. ಕೆಮ್ಮಿ ಸುಧಾರಿಸಿಕೊಂಡು, "ಇಬ್ಬರದೂ ಅಭ್ಯಾಸನ ನೋಡ್ರಿ ಲಾಜರಪ್ಪ, ಓದೂದೂ, ರೂಢೀನೂ" ಅಂದರು. ಮಾಮಾ ಒಪ್ಪಲಿಲ್ಲ. ಬರೆದಿದ್ದು ಉತಾರ ಇದ್ದಂಗ, ಉಳಿದದ್ದು ಬಾಯಿಮಾತು, ಬಾಯಿಮಾತಿನ ಮ್ಯಾಲ ಹೊಲ ಯಾರ ಕೊಡ್ತಾರ, ಅಂದರು.

ಬಾಗಿಲ ಹಿಂದಿನಿಂದ ಧ್ವನಿ ಬಂತು. "ಕೇಳ ಬೇ, ಉತಾರ ಬರಿಯೂಕಿಂತ ಮೊದಲ ಹೊಲ ಇತ್ತಿಲ್ಲೋ ಅಂತ."

ನಾನು ಕೇಳಿದೆ. ಫಾದರ್ರು ಚಹಾದ ಬಟ್ಟಲು ಕೆಳಗಿಟ್ಟು, ಈ ಸಲ ನಗದೆ ಅಂದರು: "ಸ್ವಾಮಿ ಪುಸ್ತಕ ಬರದ ಕೊಟ್ಟ ಹೋಗಲಿಲ್ಲ. ಶಿಷ್ಯರಿಗೆ ಬಾಯಿಲೆ ಕಲಿಸಿದ್ರು, ನಡದ ತೋರಿಸಿದ್ರು. ಅವರು ಸಾರಿದ್ರು, ಆಮ್ಯಾಲ ಬರದ್ರು. ಈ ಗ್ರಂಥದಾಗ ಯಾವ್ಯಾವ ಪುಸ್ತಕ ಇರಬೇಕು ಅನ್ನೂ ಪಟ್ಟಿ ಗ್ರಂಥದಾಗ ಎಲ್ಲೈತಿ, ನೀವ ತೋರಸ್ರಿ. ಅದನ್ನ ಹೇಳಿದ್ದು ಪರಂಪರೆ. ಎರಡೂ ಒಂದ ಊಟಿಯಿಂದ ಉಕ್ಕಿದ ನೀರು."

ಇಲ್ಲಿಗೆ ನಿಲ್ಲಿಸಿದ್ದರೆ ಫಾದರ್ರು ನನ್ನ ಕಣ್ಣಲ್ಲಿ ಸಂತರಾಗುತ್ತಿದ್ದರು. ಆದರೆ ಅವರು ಪ್ರಾಮಾಣಿಕರೂ ಆಗಿದ್ದರು, ಅಳಿಯನ ಮಾನ ಕಾಯುವವರೂ ಆಗಿದ್ದರು. "ಹಂಗಂತ ಊರಿನ ಪ್ರತಿ ಹಾಡೂ ಆ ಪರಂಪರೆ ಅಲ್ಲ, ಅನ್ನವ್ವ. ಇದು ರೂಢಿ. ಇದ್ರ ಛಲೋ, ಇರಲಿಲ್ಲಂದ್ರ ಧರ್ಮ ಮುಳಗಂಗಿಲ್ಲ. ಮೊದಲ ಲಾಜರಪ್ಪ ಓದ್ಲಿ. ಆಮ್ಯಾಲ ಹೊತ್ತ ಉಳದ್ರ ನೀವು ಹಾಡ್ರಿ." ಹೀಗೆ ತೀರ್ಪಿತ್ತು, ಮೋಟರ್‌ಸೈಕಲ್ ಒದ್ದು, ಹೋದರು. ಹೊತ್ತು ಉಳಿಯಗೊಡುವ ಮನುಷ್ಯ ಮಾಮಾ ಅಲ್ಲವೆಂದು ಬೆಕ್ಕಿಗೂ ಗೊತ್ತಿತ್ತು.

ಶುಕ್ರವಾರ ಬಂತು. ಉಪ್ಪಿಲ್ಲದ ಅಂಬಲಿ ಕುಡಿದು, ಮಟಮಟ ಬಿಸಿಲಲ್ಲಿ ಹನ್ನೆರಡು ಮನೆಯವರು ತಗಡಿನ ಕೆಳಗೆ ಕೂತೆವು. ಹೂವಿಲ್ಲ, ಗಂಟೆಯಿಲ್ಲ. ಬೆವರಿನ ವಾಸನೆ, ಮೇಣದ ವಾಸನೆ. ಬಾಳಪ್ಪಜ್ಜ ಹಿಂದಿನ ದಿನವಷ್ಟೇ ಪಟ್ಟಿ ಬಿಚ್ಚಿದ್ದ. ಕಾಲು ಒಂದೆಳೆ ಸೊಟ್ಟವಿಲ್ಲದೆ ಕೂಡಿತ್ತು. ಆ ಕಾಲಿನ ಮೇಲೆಯೇ ನಿಂತು ಮಾಮಾ ಓದಲಾರಂಭಿಸಿದರು. ಒಂದು ಸಾಲು ಓದುವುದು, ಅರ್ಧ ತಾಸು ಅರ್ಥ ಹೇಳುವುದು. ಆಯಿ ಹೆಂಗಸರ ಸಾಲಿನ ಕೊನೆಯಲ್ಲಿ, ಗೋಡೆ ಕಡೆ ಮುಖ ಮಾಡಿ, ಸೆರಗು ಎಳೆದುಕೊಂಡು ಕೂತಿದ್ದಳು.

ಬಿಸಿಲು ಇಳಿಯತೊಡಗಿದಾಗ, ಸ್ವಾಮಿ ಶಿಲುಬೆ ಹೊತ್ತು ಹೊರಟ ಎಂಬ ಸಾಲು ಬಂತು. ಮಾಮಾ ಅದನ್ನು ಓದಿ ಉಸಿರು ಎಳೆದುಕೊಂಡರು.

ಧಪ್ ಅಂತ ಸದ್ದಾಯಿತು. ಇಡೀ ಗುಡಿ ಮೊಣಕಾಲೂರಿತ್ತು.

ಯಾರೂ ಯೋಚಿಸಿ ಮಾಡಿದ್ದಲ್ಲ. ಶಿಲುಬೆ ಹೊತ್ತ ಮೇಲೆ ಸ್ವಾಮಿ ಬೀಳುತ್ತಾನೆ, ಬಿದ್ದರೆ ಮೊಣಕಾಲೂರಬೇಕು, ಅಷ್ಟೇ. ನಾನೂ ಊರಿದ್ದೆ.

"ಬಿದ್ದದ್ದು ಇದರಾಗ ಇಲ್ಲ!" ಮಾಮಾ ಚೀರಿದರು. "ಏಳ್ರಿ! ಏಳ್ರಿ ಅಂತೀನಿ!"

ಯಾರೂ ಏಳಲಿಲ್ಲ. ಹಟವೇನಿಲ್ಲ. ಏಳುವ ಸಾಲು ಇನ್ನೂ ಬಂದಿರಲಿಲ್ಲ. ಬಿದ್ದ ಸ್ವಾಮಿಯನ್ನು ತಾಯಿ ಎಬ್ಬಿಸದೆ ನಾವು ಹ್ಯಾಗೆ ಏಳುವುದು? ಮುದುಕರು ನೆಲಕ್ಕೆ ಕೈಯೂರಿದರು. ಒಂದು ಕೂಸು ಅಳತೊಡಗಿತು. ಮಾಮಾ ಕೈ ಬೀಸಿದರು, ಪುಟ ತಿರುವಿದರು. ಮುಂದಿನ ಸಾಲು ಓದಿದರು, ಯಾರೂ ಕೇಳಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿ, ಹಲ್ಲು ಕಚ್ಚಿ ಅಂದರು:

"ಲೇ, ಓದ ಆ ಸಾಲು. ಏಳಲಿ."

ನೋಟುಬುಕ್ಕು ನನ್ನ ಹತ್ತಿರವೇ ಇತ್ತು. ಕೆಂಪು ಗೆರೆಯ ಕೆಳಗಿನ ಅಕ್ಷರವನ್ನು, ಸಾಲಿಯಲ್ಲಿ ಪಾಠ ಓದುವ ಧ್ವನಿಯಲ್ಲಿ, ಸ್ಪಷ್ಟವಾಗಿ ಓದಿದೆ. "ಏಳ ನನ ಕಂದ, ಏಳ."

ಯಾರೂ ಅಲುಗಲಿಲ್ಲ. ಮುಂದಿದ್ದ ಮುದುಕಿಯೊಬ್ಬಳು ನನ್ನತ್ತ ಕರುಣೆಯಿಂದ ನೋಡಿ, "ಹಂಗಲ್ಲ ಬೇ, ಕೂಸ" ಅಂದಳು.

ಮಾಮಾ ಬೆವರು ಒರೆಸಿಕೊಂಡರು. ನನ್ನನ್ನು ನೋಡಿದರು. ಈ ಸಲ ನನ್ನ ಕೈಯಲ್ಲಿ ಕಳಿಸುವ ಮಾತಲ್ಲವೆಂದು ಅವರಿಗೂ ಗೊತ್ತಾಗಿತ್ತು. ಪುಸ್ತಕ ಮುಚ್ಚಿ, ಮದುವೆಯಾದ ಮೇಲೆ ಮೊದಲ ಸಲ, ಗೋಡೆ ಕಡೆ ಮುಖ ಮಾಡಿದ ಆ ಬೆನ್ನಿಗೆ ನೇರವಾಗಿ ಹೇಳಿದರು:

"ಅತ್ತಿ... ಹಾಡ್ರಿ."

ಆಯಿ ತಿರುಗಲಿಲ್ಲ. ಅರ್ಧದಿಂದ ಎತ್ತಿಕೊಳ್ಳಲೂ ಇಲ್ಲ. ಹೊಳಿದಂಡಿಯಿಂದಲೇ ಸುರು ಮಾಡಿದಳು. ಏಳುವ ಸಾಲಿನವರೆಗೆ ಪೂರಾ ಹಾಡಿದಳು, ಬೆರೋನವ್ವ, ಇಳಕಲ್ಲ ಸೀರೆ ಏನೂ ಬಿಡದೆ. ಅಷ್ಟೊತ್ತು ನಾವು ಮೊಣಕಾಲಲ್ಲೇ ಇದ್ದೆವು. ಸಾಲು ಬಂದಾಗ ಆಕೆಯ ಧ್ವನಿ ಒಡೆಯಿತು, ಕಣ್ಣೀರು ಸೆರಗಿಗೆ ಇಳಿಯಿತು, ಗುಡಿ ಎದ್ದು ನಿಂತಿತು. ಮಾಮಾ ಮೊದಲೇ ನಿಂತಿದ್ದರಿಂದ ಏನು ಮಾಡಬೇಕೆಂದು ತೋಚದೆ ಕೂತುಬಿಟ್ಟರು.

ಆಯಿ ಆಮೇಲೆ ಆರು ವರ್ಷ ಹಾಡಿದಳು. ಏಳನೆಯ ವರ್ಷ ಇರಲಿಲ್ಲ.

ಈಗ ನಮ್ಮೂರಲ್ಲಿ ತಗಡಿನ ಕೋಣೆಯ ಜಾಗದಲ್ಲಿ ಸಿಮೆಂಟಿನ ಗುಡಿ ಎದ್ದಿದೆ. ಬೆಂಚುಗಳಿವೆ, ಧ್ವನಿವರ್ಧಕವಿದೆ. ಗ್ರಂಥ ಪ್ರತಿ ಮನೆಯಲ್ಲಿದೆ, ಧೂಳು ಕೂರದಂತೆ ಪ್ಲಾಸ್ಟಿಕ್ ಹೊದಿಸಿ. ಲಾಜರ ಮಾಮಾಗೆ ವಯಸ್ಸಾಗಿದೆ. ನಿವೃತ್ತರಾದ ಮೇಲೆ ಅವರಿಗೆ ಪರಂಪರೆಯ ಮೇಲೆ ಅಪಾರ ಪ್ರೀತಿ ಹುಟ್ಟಿದೆ. ಸಭೆಗಳಲ್ಲಿ ಮೈಕು ಹಿಡಿದು, "ನಮ್ಮ ಅತ್ತೆಯವರ ಬಾಯಲ್ಲಿದ್ದ ಅಮೂಲ್ಯ ಜಾನಪದ ಸಂಪತ್ತು" ಅನ್ನುತ್ತಾರೆ. ಅದನ್ನು ಬರೆಯಿಸಿ ಉಳಿಸಿದವರು ತಾವೇ ಅಂತಲೂ ಅನ್ನುತ್ತಾರೆ. ದುರಂತವೆಂದರೆ ಅದು ನಿಜ. ಪೆನ್ಸಿಲಿನ ಕೆಂಪು ಮಾಸಿ ಹೋಗಿದೆ, ಕೆಳಗಿನ ನನ್ನ ಶಾಯಿಯ ಅಕ್ಷರಗಳು ಮುತ್ತಿನಂಗೇ ಉಳಿದಿವೆ. ಹದಿನಾಲ್ಕು ಪುಟದಲ್ಲಿ ಒಂದು ಒತ್ತೂ ತಪ್ಪಿಲ್ಲ. ಅವರನ್ನು ತಿರಸ್ಕರಿಸುವುದು ನನಗೆ ಸುಲಭ, ನಲವತ್ತು ವರ್ಷದ ಅಭ್ಯಾಸ. ಆದರೆ ಹದಿನೈದು ಸಂಜೆ ಆಯಿಯ ಮುಂದೆ ಕೂತವಳು ಅವರಲ್ಲ, ನಾನು. ಬರೆಯುವ ಅವಸರದಲ್ಲಿ ಒಂದು ಸಂಜೆಯೂ ತಲೆಯೆತ್ತಿ ರಾಗ ಕೇಳಲಿಲ್ಲ.

ಕಳೆದ ಶುಭ ಶುಕ್ರವಾರ ಊರಿಗೆ ಹೋಗಿದ್ದೆ. ನೋಟುಬುಕ್ಕು ಚೀಲದಲ್ಲಿತ್ತು. ಧ್ವನಿವರ್ಧಕದಲ್ಲಿ 'ಶಿಲುಬೆ ಹೊತ್ತು ಹೊರಟನು' ಎಂದು ಬಂದಾಗ ಜನ ಬೆಂಚಿನ ಮೇಲೆ ಕೂತೇ ಇದ್ದರು. ಹಿಂದಿನ ಸಾಲಿನಿಂದ ನಾಲ್ಕು ಮುದುಕಿಯರು ಮಾತ್ರ ಕೆಳಗಿಳಿದು ಮೊಣಕಾಲೂರಿದರು. ಊರಿ, ಕಾದರು. ಪಾಠ ಮುಂದೆ ಹೋಯಿತು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ನನ್ನ ಮುಖ ನೋಡಿದರು. ನಾನು ಚೀಲದ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ. ಯಾವಾಗ ಏಳಬೇಕೆಂದು ಹೇಳುವವರಿಲ್ಲದೆ, ಬಹಳ ಹೊತ್ತಿನ ಮೇಲೆ, ಬೆಂಚು ಹಿಡಿದುಕೊಂಡು ಒಬ್ಬೊಬ್ಬರಾಗಿ ಎದ್ದರು.